ಪತ್ತನಾಜೆಗೆ ಮೊದಲು: ಕುಟುಂಬಗಳ ಆಶ್ರಯ ಕೇಂದ್ರವನ್ನು ಸುಧಾರಿಸುವ ಸ್ವಯಂಸೇವಕರಿಗೆ

ಮನೆಯಿಲ್ಲದ ಕುಟುಂಬಗಳು ತಂಗುವ ಆಶ್ರಯ ಕೇಂದ್ರವನ್ನು ಸುಧಾರಿಸಲು ಹೊರಡುವ ತಂಡಗಳು ಸಾಮಾನ್ಯವಾಗಿ ಮೊದಲು ಖರೀದಿಸುವುದು ಬಣ್ಣದ ಡಬ್ಬಿಯನ್ನು. ಬಣ್ಣ ಬಳಿದರೆ ಒಂದೇ ಭಾನುವಾರದಲ್ಲಿ ಕೆಲಸ ಕಣ್ಣಿಗೆ ಕಾಣಿಸುತ್ತದೆ ಎಂಬುದು ನಿಜ. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ, ಮಾಡು (ಛಾವಣಿ) ಸೋರುವ ಕಟ್ಟಡದ ಗೋಡೆಗೆ ಬಳಿದ ಬಣ್ಣ ಜುಲೈ-ಆಗಸ್ಟ್‌ನಲ್ಲಿ ಬರುವ ಆಟಿ ತಿಂಗಳು ಕಳೆಯುವುದರೊಳಗೆ ಹಪ್ಪಳದಂತೆ ಎದ್ದು ಬರುತ್ತದೆ. ಮಂಗಳೂರು, ಉಡುಪಿಯ ಕಡೆಯಲ್ಲಿ ಇಂಥ ಕೆಲಸಕ್ಕೆ ಇಳಿಯುವವರು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ವಿಷಯ ಬೇರೆಯೇ ಇದೆ. ಒಂಟಿ ಗಂಡಸೊಬ್ಬನಿಗೆ ರಾತ್ರಿ ಮೈ ಚಾಚಲು ಜಾಗ ಸಿಕ್ಕರೆ ಹೇಗೋ ನಡೆಯುತ್ತದೆ. ಕುಟುಂಬಕ್ಕೆ ಅಷ್ಟು ಸಾಲದು. ಅದಕ್ಕೆ ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳಲು ಒಲೆ, ಒದ್ದೆ ಬಟ್ಟೆ ಹರವಲು ಹಗ್ಗ, ಬಟ್ಟೆ ಬದಲಾಯಿಸಲು ಮರೆ, ಸಾಮಾನು ಇಡಲು ಬೀಗವಿರುವ ಪೆಟ್ಟಿಗೆ ಬೇಕು. ಭಿತ್ತಿಚಿತ್ರ, ಟಿ.ವಿ., ಹೊಸ ಬೋರ್ಡು ಎಲ್ಲವೂ ಆಮೇಲೆ ಬರಲಿ.

ಅನುಮತಿ, ಅಳತೆ, ಮಾತುಕತೆ

ನಗರದ ಆಶ್ರಯ ಕೇಂದ್ರಗಳ ಕಟ್ಟಡ ಬಹುಮಟ್ಟಿಗೆ ಸ್ಥಳೀಯಾಡಳಿತದ ಸೊತ್ತಾಗಿದ್ದು, ದಿನನಿತ್ಯದ ನಿರ್ವಹಣೆಯನ್ನು ಯಾವುದಾದರೂ ಸಂಸ್ಥೆಗೆ ವಹಿಸಿರುತ್ತಾರೆ. ಆದ್ದರಿಂದ ಮಂಗಳೂರಿನಲ್ಲಾದರೆ ಮಹಾನಗರ ಪಾಲಿಕೆಯಿಂದ, ಉಡುಪಿಯಲ್ಲಾದರೆ ನಗರಸಭೆಯಿಂದ ಲಿಖಿತ ಅನುಮತಿ ಪಡೆದ ಮೇಲೆಯೇ ಗೋಡೆಗೆ ಮೊಳೆ ಹೊಡೆಯಬೇಕು. ಕಿಟಕಿ ತೆರೆಯುವ, ಗೋಡೆ ಒಡೆಯುವ, ವಿದ್ಯುತ್ ತಂತಿ ಎಳೆಯುವ ಕೆಲಸವಿದ್ದರೆ ಅಲ್ಲಿನ ಎಂಜಿನಿಯರ್ ಬಂದು ನೋಡಿರಬೇಕು.

ಅನುಮತಿ ಕೇಳಲು ಹೋಗುವಾಗ ಒಂದೆರಡು ಅಂಕಿಗಳನ್ನು ತಿಳಿದಿಟ್ಟುಕೊಂಡರೆ ಮಾತಿಗೆ ಬಲ ಬರುತ್ತದೆ. ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಮಂದಿ ತಂಗುವಷ್ಟು ಕಾಯಂ ಆಶ್ರಯ ಇರಬೇಕು, ಒಬ್ಬೊಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಸಿಗಬೇಕು ಎಂದು 2013ರಲ್ಲಿ ಆರಂಭವಾಗಿ 2024ರಲ್ಲಿ ಮುಗಿದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಹೇಳಿತ್ತು. ಗಂಡಸರಿಗೆ, ಹೆಂಗಸರಿಗೆ, ಕುಟುಂಬಗಳಿಗೆ ಪ್ರತ್ಯೇಕ ಕೇಂದ್ರಗಳಿರಬಹುದು ಎಂಬುದೂ ಅದರಲ್ಲಿತ್ತು. ಐದು ಜನರ ಕುಟುಂಬಕ್ಕೆ 250 ಚದರ ಅಡಿ ಆಯಿತು. ಅಳತೆಯ ಟೇಪು ಹಿಡಿದು ಹಾಲ್‌ನ ಉದ್ದಗಲ ತೆಗೆದು, ಈಗಿರುವ ಜನರ ಸಂಖ್ಯೆಯಿಂದ ಭಾಗಿಸಿ ನೋಡಿದರೆ ಸಮಸ್ಯೆ ಜಾಗದ್ದೋ ಅಥವಾ ಇರುವ ಜಾಗವನ್ನು ಬಳಸುತ್ತಿರುವ ರೀತಿಯದ್ದೋ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಎಷ್ಟೋ ಕಡೆ ಅರ್ಧ ಹಾಲನ್ನು ದಾನವಾಗಿ ಬಂದ ಹಳೆಯ ಬಟ್ಟೆಗಳ ಮೂಟೆ, ಮುರಿದ ಮಂಚ, ಕೆಟ್ಟ ಫ್ಯಾನುಗಳೇ ಆಕ್ರಮಿಸಿಕೊಂಡಿರುತ್ತವೆ.

ಕುಟುಂಬಗಳೊಂದಿಗಿನ ಮಾತುಕತೆಗೆ ಅವಸರ ಸಲ್ಲದು. ಬಾಗಲಕೋಟೆ, ಕೊಪ್ಪಳ, ಗದಗ, ರಾಯಚೂರಿನ ಕಡೆಯಿಂದ ಕಟ್ಟಡದ ಕೂಲಿಗೆ ಬಂದವರು, ಒಡಿಶಾ, ಜಾರ್ಖಂಡ್‌ಗಳಿಂದ ಬಂದವರು, ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಯಲ್ಲಿ ರೋಗಿಯನ್ನು ಸೇರಿಸಿ ಹಿಂದಿರುಗಲಾಗದೆ ಉಳಿದವರು, ಗಂಡನ ಮನೆಯಿಂದ ಮಕ್ಕಳೊಂದಿಗೆ ಹೊರಬಿದ್ದ ಹೆಂಗಸರು, ಹೀಗೆ ಅಲ್ಲಿರುವವರ ಹಿನ್ನೆಲೆ ಒಂದೇ ಬಗೆಯದಲ್ಲ. ಬೀದಿಯಲ್ಲಿ ಮಲಗಿ ಅಭ್ಯಾಸವಾದ ಹಲವರಿಗೆ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ತಮ್ಮನ್ನು ಹಿಡಿದೊಯ್ಯುತ್ತಾರೆಂಬ ಭಯವೂ ಇರುತ್ತದೆ. ಜೀಪಿನಲ್ಲಿ ಹತ್ತಾರು ಮಂದಿ ಒಟ್ಟಿಗೆ ಇಳಿದು, ಹೆಸರು, ಊರು, ಜಾತಿ ಕೇಳಿ ಬರೆದುಕೊಳ್ಳಲು ತೊಡಗಿದರೆ ಆ ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ಇಬ್ಬರು ಹೋದರೆ ಸಾಕು. ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು: ನಮ್ಮವರಿಗೆ ಪರಸ್ಪರ ಸಿಕ್ಕಿದೊಡನೆ ತುಳುವಿಗೆ ಜಾರುವ ಅಭ್ಯಾಸವಿದೆ. ಆ ಭಾಷೆ ತಿಳಿಯದ ತಾಯಿಯೊಬ್ಬಳ ಎದುರು ನಿಂತು, ಅವಳ ಮಗುವಿನ ಕಡೆ ನೋಡುತ್ತಾ ತುಳುವಿನಲ್ಲಿ ಮಾತಾಡಿದರೆ, ಅದು ಒಳ್ಳೆಯ ಮಾತೇ ಆಗಿದ್ದರೂ ಅವಳಿಗೆ ಹಾಗೆ ಕೇಳಿಸುವುದಿಲ್ಲ.

"ನಿಮಗೆ ಏನು ಬೇಕು" ಎಂದು ಕೇಳಿದರೆ "ಏನೂ ಬೇಡ, ಎಲ್ಲ ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ, ಏಕೆಂದರೆ ದೂರು ಹೇಳಿದರೆ ಜಾಗ ಹೋದೀತೆಂಬ ಅಳುಕು ಅವರಿಗಿರುತ್ತದೆ. ಅದರ ಬದಲು ಒಂದು ದಿನದ ವಿವರ ಕೇಳಬೇಕು: "ಬೆಳಿಗ್ಗೆ ಮೊದಲು ಯಾರು ಏಳುತ್ತೀರಿ ಅಕ್ಕ, ಸ್ನಾನಕ್ಕೆ ಎಷ್ಟು ಹೊತ್ತು ಕಾಯಬೇಕಾಗುತ್ತದೆ, ಒದ್ದೆ ಬಟ್ಟೆ ಎಲ್ಲಿ ಹಾಕುತ್ತೀರಿ, ರಾತ್ರಿ ಮಗು ಎದ್ದರೆ ಲೈಟು ಯಾರು ಹಾಕುತ್ತಾರೆ, ಮಳೆ ಬಂದ ದಿನ ಚಾಪೆ ಎತ್ತಿ ಎಲ್ಲಿಗೆ ಹೋಗುತ್ತೀರಿ." ಇಂಥ ಪ್ರಶ್ನೆಗಳಿಗೆ ಸಿಗುವ ಉತ್ತರಗಳೇ ಕೆಲಸದ ಪಟ್ಟಿಯಾಗುತ್ತವೆ. ಕೆಲಸದ ದಿನವನ್ನೂ ಅವರನ್ನು ಕೇಳಿಯೇ ನಿಗದಿ ಮಾಡಬೇಕು. ಸ್ವಯಂಸೇವಕರಿಗೆ ಅನುಕೂಲವಾದ ಭಾನುವಾರ ಕೂಲಿಯವರಿಗೂ ರಜೆಯ ದಿನ. ವಾರದ ಬಟ್ಟೆ ಒಗೆಯುವುದು, ತಲೆಸ್ನಾನ, ವಿಶ್ರಾಂತಿ ಎಲ್ಲವೂ ಅಂದೇ ಇರುವಾಗ ಬಚ್ಚಲನ್ನು ಒಡೆದು ಹಾಕಿದರೆ ಅವರ ಇಡೀ ವಾರ ಕೆಡುತ್ತದೆ.

ಮಾಡು ಮತ್ತು ಗೋಡೆ

ಮೇ ತಿಂಗಳ 24ರ ಆಸುಪಾಸಿನಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಕೋಲ, ಯಕ್ಷಗಾನಗಳು ನಿಲ್ಲುವಂತೆ ಮಾಡಿನ ಕೆಲಸವೂ ಮುಗಿದಿರಬೇಕು. ಜೂನ್ ಮೊದಲ ವಾರದಲ್ಲಿ ಮುಂಗಾರು ಹಿಡಿದ ಮೇಲೆ ಹಂಚು ಎತ್ತುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಊರಿಡೀ ಇದೇ ಕೆಲಸ ನಡೆಯುವುದರಿಂದ ಹಂಚಿನ ಮೇಸ್ತ್ರಿಗಳು ಸಿಗುವುದು ಕಷ್ಟ. ಫೆಬ್ರವರಿಯಲ್ಲಿಯೇ ಮಾತಾಡಿ ದಿನ ಗೊತ್ತುಮಾಡಿಕೊಂಡಿರಬೇಕು.

ಹಂಚಿನ ಕಟ್ಟಡವಾಗಿದ್ದರೆ ಒಂದು ತೊಡಕನ್ನು ಮೊದಲೇ ತಿಳಿದಿರಬೇಕು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯಲ್ಲಿ ಹಂಚಿನ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು, ಮತ್ತು ಒಂದರ ಅಚ್ಚಿನ ಹಂಚು ಇನ್ನೊಂದರ ಹಂಚಿನ ತೋಡಿಗೆ ಸರಿಯಾಗಿ ಕೂರುವುದಿಲ್ಲ. ಅಂಗಡಿಯಿಂದ ಹೊಸ ಹಂಚು ತಂದು ಹಳೆಯದರ ನಡುವೆ ಸಿಕ್ಕಿಸಿದರೆ ಕೂದಲೆಳೆಯಷ್ಟು ಸಂದು ಉಳಿದು ಅಲ್ಲಿಂದಲೇ ನೀರು ಇಳಿಯುತ್ತದೆ. ಆದ್ದರಿಂದ ಒಡೆಯದ ಒಂದು ಹಂಚನ್ನು ಮಾದರಿಗೆ ಇಳಿಸಿಕೊಂಡು, ಹಳೆ ಮನೆ ಕೆಡವಿದ ಹಂಚು ಮಾರುವವರಲ್ಲಿಗೆ ಹೋಗಿ, ಎರಡನ್ನೂ ಜೋಡಿಸಿ ನೋಡಿಯೇ ಕೊಳ್ಳಬೇಕು. ಬೇಕಾದುದಕ್ಕಿಂತ ಹತ್ತಿಪ್ಪತ್ತು ಹೆಚ್ಚಿಗೆ ತಂದು ಜಗಲಿಯ ಮೂಲೆಯಲ್ಲಿ ಪೇರಿಸಿಟ್ಟರೆ ನಡುಮಳೆಯಲ್ಲಿ ತೆಂಗಿನಕಾಯಿ ಬಿದ್ದಾಗ ಓಡಾಡಬೇಕಾಗುವುದಿಲ್ಲ. ಇದೇ ಸಮಯದಲ್ಲಿ ಕತ್ತಲೆ ಕೋಣೆಯ ಮೇಲೆ ಎರಡು ಗಾಜಿನ ಹಂಚು ಹಾಕಿಸಿದರೆ ಹಗಲಿನ ವಿದ್ಯುತ್ ಖರ್ಚೂ ಉಳಿಯುತ್ತದೆ, ಮೂಲೆಯ ಬೂಷ್ಟೂ ತಗ್ಗುತ್ತದೆ. ಹಂಚನ್ನು ಹೊರುವ ಮರದ ಪಕ್ಕಾಸು, ರೀಪುಗಳನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಬೇಕು. ಗೆದ್ದಲು ಒಳಗಿನಿಂದ ತಿಂದಿದ್ದರೆ ಸದ್ದು ಪೊಳ್ಳಾಗಿರುತ್ತದೆ. ಎರಡು ಮಾಡುಗಳು ಕೂಡುವಲ್ಲಿನ ತಗಡಿನ ದಂಬೆಯಲ್ಲಿ ತರಗೆಲೆ ತುಂಬಿದ್ದರೆ ಒಳ್ಳೆಯ ಹಂಚಿದ್ದೂ ಪ್ರಯೋಜನವಿಲ್ಲ, ನೀರು ಹಿಮ್ಮುಖವಾಗಿ ಒಳಗೇ ಬರುತ್ತದೆ.

ವಿದ್ಯಾರ್ಥಿಗಳನ್ನು ಮಾಡಿಗೆ ಹತ್ತಿಸಬಾರದು. ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕಾದ ಕಾಲೇಜು ಹುಡುಗ ಹುಡುಗಿಯರು ಈ ಊರುಗಳಲ್ಲಿ ಬೇಕಾದಷ್ಟಿದ್ದಾರೆ, ಉತ್ಸಾಹವೂ ಇದೆ. ಸಾಲಾಗಿ ನಿಂತು ಹಂಚನ್ನು ಕೈಯಿಂದ ಕೈಗೆ ದಾಟಿಸುವುದು, ಪಾಚಿ ಉಜ್ಜುವುದು, ಚರಂಡಿಯ ಹೂಳು ತೆಗೆಯುವುದು ಅವರ ಪಾಲಿನ ಕೆಲಸ. ಮೇಲಿನ ಕೆಲಸ ಕಸುಬುದಾರರಿಗೇ ಇರಲಿ, ಅವರ ಕೂಲಿಯನ್ನು ಪೂರ್ತಿಯಾಗಿ ಕೊಡಲಿ.

ನೈಋತ್ಯದಿಂದ ಬೀಸುವ ಗಾಳಿಮಳೆಯ ಎರಚಲು ಮಾಡಿಗಿಂತ ಹೆಚ್ಚಾಗಿ ಜಗಲಿ ಮತ್ತು ಕಿಟಕಿಯ ಮೂಲಕ ಒಳಗೆ ಬರುತ್ತದೆ. ಆ ದಿಕ್ಕಿಗೆ ಇಳಿಜಾರಾಗಿ ಶೀಟು ಹಾಕಿಸಬೇಕೇ ಹೊರತು ಟಾರ್ಪಾಲು ಕಟ್ಟಿ ಕೈತೊಳೆದುಕೊಳ್ಳಬಾರದು, ಏಕೆಂದರೆ ಜೋತುಬಿದ್ದ ಟಾರ್ಪಾಲಿನ ಹೊಟ್ಟೆಯಲ್ಲಿ ನಿಂತ ನೀರು ಸೊಳ್ಳೆಗಳ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಎಂಟು ಹತ್ತು ದಿನ ಸಾಕು. ಮಲೇರಿಯಾ, ಡೆಂಗಿ ಎರಡನ್ನೂ ಚೆನ್ನಾಗಿ ಬಲ್ಲ ಮಂಗಳೂರಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಗೋಡೆಯ ವಿಷಯಕ್ಕೆ ಬಂದರೆ, ಕೆಂಪುಕಲ್ಲಿನ ಗೋಡೆಗೆ ಸುಣ್ಣವೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಪ್ಲಾಸ್ಟಿಕ್ ಬಣ್ಣ ಕಲ್ಲೊಳಗಿನ ತೇವವನ್ನು ಹೊರಬಿಡದೆ ಹಿಡಿದಿಡುತ್ತದೆ. ಸುಣ್ಣ ಅದನ್ನು ಆರಲು ಬಿಡುತ್ತದೆ, ಬೂಷ್ಟನ್ನೂ ತಡೆಯುತ್ತದೆ, ಮತ್ತು ಮುಂದಿನ ವರ್ಷ ಅಲ್ಲಿರುವವರೇ ಕಡಿಮೆ ಖರ್ಚಿನಲ್ಲಿ ಮತ್ತೆ ಬಳಿಯಬಹುದು.

ಒಣಗದ ಬಟ್ಟೆ

ಯಾವ ಕೈಪಿಡಿಯಲ್ಲಿಯೂ ಮುಖ್ಯವಾಗಿ ಕಾಣದ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲ ಜಗಳಗಳಿಗೂ ಮೂಲವಾಗುವ ಸಂಗತಿ ಇದು. ಸಿಮೆಂಟು ಮೆತ್ತಿದ ಪ್ಯಾಂಟು, ಮಗುವಿನ ಲಂಗೋಟಿ, ಬೈರಾಸು, ಶಾಲೆಯ ಸಮವಸ್ತ್ರ ಎಲ್ಲವೂ ಒಂದೇ ಕಿಟಕಿಯ ಸರಳುಗಳ ಮೇಲೆ ನೇತಾಡುತ್ತಿರುತ್ತವೆ. ಸಮವಸ್ತ್ರ ಒಣಗದಿದ್ದರೆ ಮಗು ಅಂದು ಶಾಲೆಗೆ ಹೋಗುವುದಿಲ್ಲ. ಹಾಸಿಗೆ ಬಟ್ಟೆ ಒಣಗದಿದ್ದರೆ ಕಜ್ಜಿ ಇಡೀ ಹಾಲ್‌ಗೆ ಹರಡುತ್ತದೆ.

ಎರಡು ಕಡೆಯಿಂದ ಗಾಳಿ ಆಡುವ, ಎರಚಲು ತಾಗದ ಒಂದು ಪಾರ್ಶ್ವವನ್ನು ಇದಕ್ಕೆಂದೇ ಮೀಸಲಿಡಬೇಕು. ಕಬ್ಬಿಣದ ತಂತಿ ತುಕ್ಕು ಹಿಡಿದು ಬಟ್ಟೆಗೆ ಕಲೆ ಮಾಡುವುದರಿಂದ ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಒಂದಡಿ ಅಂತರದಲ್ಲಿ ಕಟ್ಟಿ, ಪ್ರತಿ ಕುಟುಂಬಕ್ಕೂ ಒಂದೊಂದು ಸಾಲನ್ನು ಬಿಟ್ಟುಕೊಡಬೇಕು. ಎಲ್ಲ ತಂತಿಗಳೂ ಒಂದೇ ಎತ್ತರದಲ್ಲಿದ್ದರೆ ಒಂದರ ನೀರು ಇನ್ನೊಂದರ ಮೇಲೆ ತೊಟ್ಟಿಕ್ಕದಿದ್ದರೂ ಗಾಳಿ ಆಡುವುದಿಲ್ಲ. ಹತ್ತಿರದ್ದು ತಗ್ಗಾಗಿ, ಗೋಡೆಯ ಕಡೆಯದ್ದು ಎತ್ತರವಾಗಿ ಇರಲಿ. ಅಲ್ಲಿಗೆ ಒಂದು ಫ್ಯಾನು ಹಾಕಿಸಿ, ರಾತ್ರಿಯಿಡೀ ತಿರುಗಲು ಬಿಟ್ಟರೆ ಬೆಳಿಗ್ಗೆ ತೆಳ್ಳಗಿನ ಬಟ್ಟೆಯಾದರೂ ಒಣಗಿರುತ್ತದೆ. ಏನಾದರೂ ದೊಡ್ಡ ವಸ್ತು ಕೊಡುತ್ತೇವೆಂದು ಬರುವ ದಾನಿಗಳಿಗೆ ಟಿ.ವಿ.ಯ ಬದಲು ಬಟ್ಟೆ ಹಿಂಡುವ ಡ್ರಮ್ ಇರುವ ವಾಷಿಂಗ್ ಮೆಷಿನ್ ಕೇಳಬೇಕು. ಕೈಯಲ್ಲಿ ಒಗೆದ ಬಟ್ಟೆಯನ್ನು ಅದರಲ್ಲಿ ಹಿಂಡಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಒಲೆಯ ಮೇಲ್ಗಡೆ ಹಗ್ಗ ಕಟ್ಟುವುದಕ್ಕೆ ಮಾತ್ರ ಯಾವ ಕಾರಣಕ್ಕೂ ಬಿಡಬಾರದು.

ನೀರು ಮತ್ತು ಬಚ್ಚಲು

ಮಳೆಯಲ್ಲಿ ಮುಳುಗೇಳುವ ಇದೇ ಊರುಗಳಲ್ಲಿ ಏಪ್ರಿಲ್, ಮೇ ಬಂತೆಂದರೆ ಮಂಗಳೂರಿಗೆ ನೀರು ಕೊಡುವ ತುಂಬೆಯ ಅಣೆಕಟ್ಟಿನ ಮಟ್ಟ ಎಷ್ಟು, ಉಡುಪಿಗೆ ನೀರು ಕೊಡುವ ಬಜೆಯಲ್ಲಿ ಎಷ್ಟು ದಿನದ ನೀರಿದೆ ಎಂಬುದೇ ಮಾತು. ವಿಪತ್ತಿನ ಶಿಬಿರಗಳಿಗೆ ಅಂತರರಾಷ್ಟ್ರೀಯ ಸ್ಫಿಯರ್ ಕೈಪಿಡಿ ಹೇಳುವ ಕನಿಷ್ಠ ಪ್ರಮಾಣ ದಿನಕ್ಕೆ ತಲಾ 15 ಲೀಟರ್. ಐವತ್ತು ಜನಕ್ಕೆ ಅದು 750 ಲೀಟರ್ ಆಗುತ್ತದೆ, ಆದರೆ ಅಷ್ಟರಲ್ಲಿ ಈ ಸೆಕೆಯಲ್ಲಿ ಬದುಕುವುದು ಕಷ್ಟ. ಒಳಚರಂಡಿ ಇರುವ ನಗರಗಳಿಗೆ ನಮ್ಮಲ್ಲಿ ಲೆಕ್ಕ ಹಾಕುವ ತಲಾ 135 ಲೀಟರಿನ ಪ್ರಕಾರ ಹೋದರೆ 6,750 ಲೀಟರ್ ಬೇಕು. ಈಗಿರುವ ಟ್ಯಾಂಕುಗಳು ಈ ಎರಡರ ನಡುವೆ ಎಲ್ಲಿವೆ ಎಂದು ನೋಡಿ, ನೀರು ಬಾರದ ದಿನಕ್ಕೂ ಉಳಿಯುವಷ್ಟು ಸಂಗ್ರಹವನ್ನು ಹೆಚ್ಚಿಸಬೇಕು. ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ. ವಾರದಲ್ಲಿ ಒಂದು ದಿನ ಡ್ರಮ್ಮು, ಕೊಡಪಾನಗಳನ್ನೆಲ್ಲ ಬರಿದು ಮಾಡಿ ಉಜ್ಜುವ ಪದ್ಧತಿ ಇರಲಿ. ಕುಡಿಯುವ ನೀರು ಕುದಿಸಿಯೇ ಇರಬೇಕು.

ಇಪ್ಪತ್ತು ಜನಕ್ಕೆ ಒಂದರಂತೆ ಶೌಚಾಲಯ ಇರಬೇಕೆಂಬುದೂ ಅದೇ ಕೈಪಿಡಿಯ ಮಾತು. ಸಂಖ್ಯೆ ಹೆಚ್ಚಿಸಲು ಹಣವಿಲ್ಲದಿದ್ದರೂ ಇರುವುದನ್ನು ಬಳಸುವಂತೆ ಮಾಡಲು ಹೆಚ್ಚು ಖರ್ಚಿಲ್ಲ. ಒಳಗಿನಿಂದ ಹಾಕಿಕೊಳ್ಳುವ ಗಟ್ಟಿ ಚಿಲಕ, ಬಟ್ಟೆ ನೇತುಹಾಕಲು ಕೊಕ್ಕೆ, ಬಾಲ್ದಿ ಮತ್ತು ಚೆಂಬು, ವಯಸ್ಸಾದವರು ಹಿಡಿದು ಏಳಲು ಗೋಡೆಗೊಂದು ಸರಳು, ಹೆಂಗಸರ ಕಡೆ ಮುಚ್ಚಳವಿರುವ ಕಸದ ಡಬ್ಬಿ, ಹಾಲ್‌ನಿಂದ ಅಲ್ಲಿಯವರೆಗಿನ ದಾರಿಯಲ್ಲಿ ರಾತ್ರಿಯಿಡೀ ಉರಿಯುವ ದೀಪ, ಇಷ್ಟಿದ್ದರೆ ಹುಡುಗಿಯರು ರಾತ್ರಿ ತಾಯಿಯನ್ನು ಎಬ್ಬಿಸದೆ ಹೋಗಿ ಬರುತ್ತಾರೆ. ಸ್ವಚ್ಛ ಮಾಡುವಾಗ ಬ್ಲೀಚಿಂಗ್ ಪೌಡರ್ ಹಾಕಿದಲ್ಲಿಯೇ ಆ್ಯಸಿಡ್ ಸುರಿಯಬಾರದು. ಎರಡೂ ಬೆರೆತರೆ ಹೊರಬರುವ ಕ್ಲೋರಿನ್ ಅನಿಲ ಕಿಟಕಿಯಿಲ್ಲದ ಶೌಚಾಲಯದಲ್ಲಿ ಉಸಿರು ಕಟ್ಟಿಸುತ್ತದೆ. ಉತ್ಸಾಹದ ಶ್ರಮದಾನದಲ್ಲಿ ನಡೆಯುವ ಅನಾಹುತ ಇದೇ. ಒದ್ದೆ ಕೈ ತಾಗುವ ಜಾಗದಲ್ಲಿ ಸ್ವಿಚ್ಚು ಇರಬಾರದು, ಕಟ್ಟಡದ ವಿದ್ಯುತ್ ಸಂಪರ್ಕಕ್ಕೆ 30 ಮಿಲಿಆ್ಯಂಪಿಯರಿನ ಸೋರಿಕೆ ತಡೆಯುವ ಬ್ರೇಕರನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಹಾಕಿಸಬೇಕು.

ಒಲೆ, ಮರೆ, ಬೀಗ

ಊಟ ತಂದು ಹಂಚುವವರಿಗೆ ನಮ್ಮ ಊರುಗಳಲ್ಲಿ ಕೊರತೆಯಿಲ್ಲ, ಆದರೆ ಜೋಳದ ರೊಟ್ಟಿ ಉಂಡು ಬೆಳೆದ ಮಕ್ಕಳಿಗೆ ದಿನವೂ ಕುಚ್ಚಲಕ್ಕಿ ಅನ್ನ ಬಡಿಸಿದರೆ ಅರ್ಧ ತಟ್ಟೆಯಲ್ಲೇ ಉಳಿಯುತ್ತದೆ. ಗಾಳಿ ಆಡುವ ಕೋಣೆಯಲ್ಲಿ ನಿಂತು ಅಡುಗೆ ಮಾಡುವ ಕಟ್ಟೆಯ ಜೊತೆಗೆ, ಕೂತು ರೊಟ್ಟಿ ಬಡಿಯಲು ನೆಲದಲ್ಲಿ ಸ್ವಲ್ಪ ಜಾಗ, ಒಂದು ದಪ್ಪ ಹೆಂಚು, ಎರಡು ಮೂರು ಒಲೆಗಳು ಮತ್ತು ಸರದಿಯ ಸಮಯ ಇದ್ದರೆ ಸಾಕು. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಡುವವರಿಗೆ ಮೊದಲ ಸರದಿ ಸಲ್ಲಬೇಕು. ಅಕ್ಕಿ, ಬೇಳೆ ಇಡಲು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಗಳೇ ಆಗಬೇಕು. ಇಲಿ ಬಂದರೆ ಅದರ ಹಿಂದೆಯೇ ಇಲಿಜ್ವರ ಬರುತ್ತದೆ.

ಹಾಲ್ ಅನ್ನು ವಿಭಾಗಿಸಲು ಸೀರೆ, ಪರದೆಗಳು ತಾತ್ಕಾಲಿಕವಾಗಿ ಆದೀತು. ಕಾಯಂ ಆಗಿ ಮಾಡುವುದಾದರೆ ಆರಡಿ ಎತ್ತರದ ಸಿಮೆಂಟ್ ಫೈಬರ್ ಹಲಗೆ ಉತ್ತಮ, ಏಕೆಂದರೆ ಸಾಧಾರಣ ಪ್ಲೈವುಡ್ಡಿನ ಕೆಳಅಂಚು ಒಂದು ಮಳೆಗಾಲದಲ್ಲೇ ನೀರು ಕುಡಿದು ಉಬ್ಬುತ್ತದೆ. ಗುಡಿಸಿ ಒರೆಸಲು ಕೆಳಗೆ ಅರ್ಧ ಅಡಿ ಬಿಟ್ಟು, ಗಾಳಿ ಆಡಲು ಮೇಲೆ ತೆರೆದಿರಿಸಿ, ಹೊರಹೋಗುವ ಎರಡು ಬಾಗಿಲುಗಳಿಗೂ ದಾರಿ ಅಡ್ಡವಾಗದಂತೆ ನಿಲ್ಲಿಸಬೇಕು. ಪ್ರತಿ ಮರೆಯ ಒಳಗೂ ಅದರದೇ ಸ್ವಿಚ್ಚಿರುವ ಒಂದು ದೀಪ, ಒಂದು ಮೊಬೈಲ್ ಚಾರ್ಜಿಂಗ್ ಪಾಯಿಂಟ್ ಇರಲಿ. ಹನ್ನೆರಡು ಹದಿಮೂರು ವರ್ಷ ದಾಟಿದ ಗಂಡುಮಗುವನ್ನು ತಾಯಿಯಿಂದ ಬೇರ್ಪಡಿಸಿ ಗಂಡಸರ ಕೇಂದ್ರಕ್ಕೆ ಕಳಿಸುವ ಕ್ರಮ ಕೆಲವೆಡೆ ಇದೆ. ಸರಿಯಾದ ಮರೆಗಳಿದ್ದರೆ ಅದರ ಅಗತ್ಯವೇ ಬೀಳುವುದಿಲ್ಲ.

ಎರಡು ಇಟ್ಟಿಗೆಗಳ ಮೇಲೆ ಕೂರಿಸಿದ ಒಂದು ತಗಡಿನ ಟ್ರಂಕು, ಅದಕ್ಕೊಂದು ಬೀಗ, ಆ ಕುಟುಂಬದವರ ಕೈಯಲ್ಲೇ ಇರುವ ಕೀಲಿ: ಇದಕ್ಕಿಂತ ಹೆಚ್ಚು ನೆಮ್ಮದಿ ಕೊಡುವ ದಾನವನ್ನು ನಾನು ಕಂಡಿಲ್ಲ. ಆಧಾರ್, ಪಡಿತರ ಚೀಟಿ, ಮಗುವಿನ ಜನನ ಪ್ರಮಾಣಪತ್ರಗಳನ್ನು ನೀರು ಹೋಗದ ಜಿಪ್ ಕವರಿನಲ್ಲಿ ಹಾಕಿ ಅದರೊಳಗೆ ಇಡಬೇಕು. ಬೇರೆ ಜಿಲ್ಲೆಯ, ಬೇರೆ ರಾಜ್ಯದ ಪಡಿತರ ಚೀಟಿಯಿದ್ದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು ಎಂಬುದನ್ನು ಹಲವರಿಗೆ ಯಾರೂ ಹೇಳಿರುವುದಿಲ್ಲ. ಹಾಗೆಯೇ ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ವಯಸ್ಸಿನ ದಾಖಲೆ ಇಲ್ಲವೆಂದೋ ವರ್ಗಾವಣೆ ಪತ್ರ ತಡವಾಯಿತೆಂದೋ ಶಾಲೆ ಹೊರಗಿಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಚಿಕ್ಕ ಮಕ್ಕಳ ವಿಷಯವಾಗಿ ಹತ್ತಿರದ ಅಂಗನವಾಡಿ ಕಾರ್ಯಕರ್ತೆಯನ್ನು ಒಮ್ಮೆ ಕರೆತಂದು ಪರಿಚಯಿಸಿದರೆ ಉಳಿದುದನ್ನು ಅವರೇ ನೋಡಿಕೊಳ್ಳುತ್ತಾರೆ. ಮಕ್ಕಳ ಸಹಾಯವಾಣಿ 1098, ಮಹಿಳೆಯರ ಸಹಾಯವಾಣಿ 181 ಎಂಬ ಸಂಖ್ಯೆಗಳು ಕಚೇರಿಯೊಳಗಲ್ಲ, ಬಚ್ಚಲಿನ ದಾರಿಯಲ್ಲಿ ದೊಡ್ಡ ಅಕ್ಷರದಲ್ಲಿರಲಿ.

ಬರುವವರು, ಹೋಗುವವರು

ಹುಟ್ಟುಹಬ್ಬದ ಕೇಕು ಕತ್ತರಿಸಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋಗುವ ದಾನಿಗಳನ್ನು ನಯವಾಗಿಯೇ ತಡೆಯಬೇಕು. ಮನೆಬಿಟ್ಟು ಬಂದ ಹೆಂಗಸೊಬ್ಬಳ ಮುಖ ಮೊಬೈಲಿನಿಂದ ಮೊಬೈಲಿಗೆ ಹಾರಿದರೆ, ಅವಳು ಯಾರಿಂದ ತಪ್ಪಿಸಿಕೊಂಡು ಬಂದಳೋ ಅವರಿಗೂ ಅದು ತಲುಪುತ್ತದೆ. ಫೋಟೊ ಬೇಕೇ ಬೇಕೆಂದವರು ರಿಪೇರಿಯಾದ ಮಾಡಿನ ಫೋಟೊ ತೆಗೆಯಲಿ. ಬೇಕಾದ ವಸ್ತುಗಳ ಪಟ್ಟಿಯನ್ನು ಮೊದಲೇ ಕೊಟ್ಟುಬಿಟ್ಟರೆ ಹಳೆ ಬಟ್ಟೆಗಳ ಮೂಟೆ ಬರುವುದು ತಪ್ಪುತ್ತದೆ: ಹತ್ತಿಯ ಹೊದಿಕೆ, ಚಾಪೆ, ಸೊಳ್ಳೆಪರದೆ, ಕೊಡೆ, ಹಿಡಿಸೂಡಿ (ಪೊರಕೆ), ಬಾಲ್ದಿ, ಬಟ್ಟೆ ಕ್ಲಿಪ್ಪು.

ಕೆಟ್ಟುಹೋದದ್ದನ್ನು ಬರೆದಿಡಲು ಬಾಗಿಲ ಬಳಿ ಒಂದು ಪುಸ್ತಕ, ಓದುಬರಹ ಬಾರದವರಿಗೆ ಅದನ್ನು ಬರೆದುಕೊಡುವ ಒಬ್ಬರು, ತಿಂಗಳಿಗೊಮ್ಮೆ ಎಲ್ಲ ಕುಟುಂಬಗಳಿಂದ ಒಬ್ಬೊಬ್ಬರು ಕೂತು ಮಾತಾಡುವ ಕ್ರಮ, ಇವು ಇಲ್ಲದಿದ್ದರೆ ಹಾಕಿದ ನಲ್ಲಿ ಆರು ತಿಂಗಳಲ್ಲಿ ತೊಟ್ಟಿಕ್ಕುತ್ತದೆ. ವಾಷರ್, ಬಲ್ಬು, ಚಿಲಕಗಳಂಥ ಸಣ್ಣ ಖರ್ಚಿಗೆ ಕೇಂದ್ರದ ಮೇಲ್ವಿಚಾರಕರ ಬಳಿ ಸ್ವಲ್ಪ ಹಣವನ್ನು ಲೆಕ್ಕದೊಂದಿಗೆ ಇಡಬೇಕು.

ಕುಟುಂಬವೊಂದು ಬಾಡಿಗೆ ಕೋಣೆ ಹಿಡಿದು ಹೊರಡುವಾಗಲೂ ಕೆಲಸವಿದೆ. ಮುಂಗಡ ಹಣಕ್ಕೆ ನೆರವು ಬೇಕಾಗಬಹುದು. ವಿಳಾಸದ ದಾಖಲೆ ಇಲ್ಲದಿದ್ದರೂ ಗುರುತಿನ ಚೀಟಿಯ ಮೇಲೆಯೇ ಸಿಗುವ 5 ಕಿಲೋ ಗ್ಯಾಸ್ ಸಿಲಿಂಡರ್, ಒಂದು ಒಲೆ, ಎರಡು ಪಾತ್ರೆ ಕೊಟ್ಟರೆ ಮೊದಲ ತಿಂಗಳು ಸುಸೂತ್ರವಾಗಿ ಸಾಗುತ್ತದೆ. ಟ್ರಂಕನ್ನು ಅವರೇ ಕೊಂಡೊಯ್ಯಲಿ. ತೆರವಾದ ಮರೆಯನ್ನು ತೊಳೆದು, ಗೋಡೆಗೆ ಒಂದು ಕೈ ಸುಣ್ಣ ಬಳಿದು, ಬಾಗಿಲಿಗೆ ಹೊಸ ಬೀಗ ಹಾಕಿಸಿದ ಮೇಲೆಯೇ ಮುಂದಿನವರಿಗೆ ಕೊಡಬೇಕು. ಹಳೆಯ ಬೀಗದ ಕೀಲಿ ಎಷ್ಟು ಮಂದಿಯ ಕೈಯಲ್ಲಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.